ಸಕುಟುಂಬ ಸಮುದ್ರವಿಹಾರ

ಸಮುದ್ರಯಾನವು ಕಲಿಯುಗದಲ್ಲಿ ವರ್ಜ್ಯವೆಂದು ನಮ್ಮ ಹಿರಿಯರು ಎಣಿಸುತ್ತಿದ್ದ ಕಾಲವೊಂದಿತ್ತು. ಕಡಲನ್ನು ದಾಟಿ ಬಂದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸಬೇಕೇ ಬೇಡವೇ ಎಂದು ಪಂಡಿತರು ಸಭೆ ಸೇರಿ ವಾದಮಾಡಿದುದೂ ಉಂಟು. ಈಗ ಕಾಲವು ತಿರುಗಿದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆಯ ಗೃಹಸ್ಥರೂ ರಜ ಬಂದಿತೆಂದರೆ ಹೆಂಡತಿಮಕ್ಕಳೊಡನೆ ಪಡುವಣ ಕರಾವಳಿಗೆ ಹೊರಡುವರು. ದಡದಲ್ಲಿ ನಿಂತು ಅಲೆಗಳನ್ನು ನೋಡಿ ಬರುವುದರಿಂದ ಅವರಿಗೆ ತೃಪ್ತಿಯಿಲ್ಲ. ದೋಣಿಯನ್ನೇರಿ ದ್ವೀಪದ ಬಳಿಗೆ ಹೋಗಿ, ನೀರಿನ ಮೇಲೆ ಬೋರಲಾಗಿ ತೇಲುತ್ತ, ಕನ್ನಡಿಯ ಮೂಲಕ ಕೆಳಗಣ ಮೀನುಗಳನ್ನೂ ಹವಳವನ್ನೂ ಕಂಡು ಬರಬೇಕೆಂದು ಬಯಸುವರು. ಇದಕ್ಕೆ ಸ್ನಾರ್ಕ್ಲಿಂಗ್ ಎಂದು ಹೆಸರು. ನಮ್ಮ ಧನಗೆರೆಯ ಗೃಹಸ್ಥರೊಬ್ಬರು ಎಂಟು ಮಂದಿಯ ತಮ್ಮ ಸಂಸಾರವನ್ನು ಕರೆದುಕೊಂಡು ಹೀಗೆ ಹೋಗಿಬರುವ ಬಗೆ ಹೇಗೆಂದು ನಮ್ಮನ್ನು ಕೇಳಿದ್ದಾರೆ. ಅವರಿಗೆ ಹೇಳಬೇಕಾದುದು ಇತರ ವಾಚಕರಿಗೂ ಉಪಯೋಗಕ್ಕೆ ಬಂದೀತೆಂದು ಈ ತಿಂಗಳ ಲೇಖನವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಹೋಗಬೇಡಿರೆಂದು ತಡೆಯುವವರ ಗುಂಪಿಗೆ ನಾವು ಸೇರಿದವರಲ್ಲ. ಸೃಷ್ಟಿಯ ವೈಚಿತ್ರ್ಯವನ್ನು ಮಕ್ಕಳು ಪುಸ್ತಕದ ಚಿತ್ರದಲ್ಲಿ ಕಾಣುವುದಕ್ಕಿಂತ ಕಣ್ಣಾರೆ ಕಾಣುವುದು ಮೇಲು. ಆದರೆ ಇಂತಹ ಪ್ರಯಾಣದಲ್ಲಿ ಹೋಗುವ ಮಾತನ್ನು ಎಲ್ಲರೂ ಆಡುವರು. ಯಾವ ಸಂದರ್ಭದಲ್ಲಿ ಹಿಂದಿರುಗಬೇಕೆಂಬ ಮಾತನ್ನು ಆಡುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯದೇ ಸಿದ್ಧತೆಯ ಜೀವಾಳ. ಅದನ್ನು ಮನೆಯ ಜಗಲಿಯ ಮೇಲೆ ಕುಳಿತೇ ತೀರ್ಮಾನಿಸಬೇಕಲ್ಲದೆ ಕಡಲ ತಡಿಯಲ್ಲಿ ನಿಂತು ಯೋಚಿಸುವುದಲ್ಲ.

ಅಮರಕೋಶವನ್ನು ಓದಿದವರಿಗೆ ಮರಳದಿಣ್ಣೆಗೆ ಹೇಳಿರುವ ಎರಡು ಹೆಸರುಗಳು ನೆನಪಿರಬಹುದು. ಮರಳಿನಿಂದಾದುದು ಸೈಕತ, ನೀರಿನೊಳಗಿಂದ ಮೇಲೆದ್ದು ತೋರುವುದು ಪುಲಿನ. ನೀರಿನಿಂದ ಎದ್ದುದು ಮರಳಿ ನೀರಿನೊಳಕ್ಕೆ ಹೋಗಲೂ ಬಲ್ಲುದೆಂಬ ಎಚ್ಚರಿಕೆ ಆ ಎರಡನೆಯ ಹೆಸರಿನಲ್ಲಿಯೇ ಅಡಗಿದೆ. ನಮ್ಮ ಕಡೆಯವರಿಗೆ ತಲಕಾಡಿನ ಮರಳು ಪರಿಚಿತ. ಕಾವೇರಿಯ ನಡುವಣ ದಿಣ್ಣೆಯ ಮೇಲೆ ಬುತ್ತಿ ಬಿಚ್ಚಿ ಕುಳಿತಿರುವಾಗ, ಕೃಷ್ಣರಾಜಸಾಗರದಿಂದಲೋ ಕಬಿನಿಯಿಂದಲೋ ಹೆಚ್ಚಿನ ನೀರನ್ನು ಬಿಟ್ಟರೆ ಹೊಳೆಯು ಏರುವುದೆಂಬುದನ್ನು ನಾವು ಬಲ್ಲೆವು. ಸಮುದ್ರದಲ್ಲಿ ಯಾರೂ ತೂಬನ್ನು ಎತ್ತಬೇಕಾದುದಿಲ್ಲ. ಅಲ್ಲಿ ನೀರು ದಿನಕ್ಕೆ ಎರಡು ಸಲ ತಾನಾಗಿಯೇ ಏರಿ ಎರಡು ಸಲ ಇಳಿಯುವುದು. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಆದುದರಿಂದ ಇಂದು ಬೆಳಗ್ಗೆ ೭ ಗಂಟೆಗೆ ನೀರು ಪೂರ್ಣವಾಗಿ ಇಳಿದಿದ್ದರೆ ನಾಳೆ ಇಳಿಯುವುದು ೭ ಗಂಟೆ ೫೦ ನಿಮಿಷದ ಸುಮಾರಿಗೆ.

ಈ ವಿಷಯದಲ್ಲಿ ಮನೆಯ ಪಂಚಾಂಗವೇ ಒಂದಿಷ್ಟು ಸಹಾಯಮಾಡುವುದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಆಕರ್ಷಣೆಯು ಒಂದೇ ರೇಖೆಯಲ್ಲಿ ಕೂಡುವುದರಿಂದ ಆ ದಿನಗಳಲ್ಲಿಯೂ ಅವುಗಳ ಮರುದಿನಗಳಲ್ಲಿಯೂ ಏರಿಳಿತವು ಹೆಚ್ಚು, ನೀರಿನ ಸೆಳೆತವೂ ಹೆಚ್ಚು. ಅಷ್ಟಮಿಯಿಂದ ದಶಮಿಯವರೆಗೆ ಎರಡೂ ಕಡಮೆ. ಮಕ್ಕಳನ್ನು ನೀರಿಗಿಳಿಸುವ ಯೋಚನೆಯುಳ್ಳವರು ಈ ತಿಥಿಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ತಿಥಿಯು ಪ್ರಮಾಣವನ್ನು ಸೂಚಿಸೀತೇ ಹೊರತು ಗಂಟೆಯನ್ನು ಹೇಳಲಾರದು. ಉಬ್ಬರವಿಳಿತದ ವೇಳೆಯನ್ನು ಆಯಾ ಬಂದರಿನ ಪಟ್ಟಿಯಿಂದಲೇ ತಿಳಿದುಕೊಳ್ಳತಕ್ಕದ್ದು.

ಇನ್ನು ಸ್ಥಳದ ವಿಚಾರ. ನಮ್ಮ ನಾಡಿನಲ್ಲಿ ಇಂತಹ ವಿಹಾರಕ್ಕೆ ಹೋಗುವವರು ಮುಖ್ಯವಾಗಿ ಮೂರು ಕಡೆಗಳನ್ನು ವಿಚಾರಿಸುವರು. ಮೊದಲನೆಯದು ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ. ಸುವರ್ಣಾ ಸೀತಾ ನದಿಗಳು ಕಡಲನ್ನು ಸೇರುವಲ್ಲಿ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಸಮುದ್ರ. ನಡುವೆ ಉದ್ದವಾದ ಮರಳಿನ ನಾಲಿಗೆ. ಇಂತಹ ನೆಲವನ್ನು ಆ ಕಡೆಯವರು ಬೆಂಗ್ರೆಯೆನ್ನುವರು. ಅಲ್ಲಿ ನೋಟವು ಬಹು ರಮ್ಯ. ಆದರೆ ಹೊಳೆಯ ಕೆಸರು ಬೆರೆತ ನೀರಿನಲ್ಲಿ ಮೀನನ್ನು ನೋಡುವ ಆಸೆ ಬೇಡ. ಅಳಿವೆಯ ಬಾಯಲ್ಲಿ ಸೆಳೆತವು ಬಲವಾದುದರಿಂದ ಈಜುವ ಮಾತೂ ಬೇಡ. ಎರಡನೆಯದು ಮಲ್ಪೆಯ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪಗಳು. ಸುಮಾರು ೬ ಕಿಲೋಮೀಟರು ದೂರ. ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲಿದ ಕಾಲದಲ್ಲಿ, ಎಂದರೆ ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ, ಉಕ್ಕಿದ ಕರಗಿದ ಶಿಲೆಯು ತಣ್ಣಗಾಗುತ್ತ ಬಿರಿದು ಕಂಬಕಂಬಗಳಾಗಿ ನಿಂತಿರುವುದನ್ನು ಅಲ್ಲಿ ಮುಟ್ಟಿ ನೋಡಬಹುದು. ಮೂರನೆಯದು ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ಒಳಗೆ, ಅರಬ್ಬೀ ಸಮುದ್ರದಲ್ಲಿರುವ ಬಂಡೆಗಳ ದ್ವೀಪವಿದು. ಇದರ ಸುತ್ತಲೂ ಹವಳವುಂಟು. ನೀರು ತಿಳಿಯಾಗಿರುವಾಗ ಬಣ್ಣಬಣ್ಣದ ಮೀನುಗಳ ಹಿಂಡು ಕಾಣುವುದು. ನಮ್ಮ ರಾಜ್ಯದಲ್ಲಿ ಸ್ನಾರ್ಕ್ಲಿಂಗಿಗೆ ಹೆಸರಾದ ಸ್ಥಳ ಇದೇ. ಆದರೆ ಹೋಗಲು ಒಂದು ಗಂಟೆಗೂ ಮೇಲ್ಪಟ್ಟು ಹಿಡಿಯುವುದು. ತಲಪಿದ ಮೇಲೆ ಇಳಿದು ನಿಲ್ಲಲು ಮರಳಿನ ದಡವಿಲ್ಲ. ದೋಣಿಯಿಂದ ನೇರವಾಗಿ ಆಳವಾದ ನೀರಿಗೆ ಇಳಿಯಬೇಕು.

ಹಾಗಾದರೆ ಎಂಟು ಮಂದಿಯ ಸಂಸಾರವು ಏನು ಮಾಡಬೇಕು? ಈ ಸಂಸಾರದಲ್ಲಿ ರಕ್ತದ ಒತ್ತಡಕ್ಕೆ ಔಷಧ ಸೇವಿಸುವ ಅಜ್ಜನಿದ್ದಾರೆ, ಮಂಡಿನೋವಿನ ಅಜ್ಜಿಯಿದ್ದಾರೆ, ಯಜಮಾನರು, ಅವರ ಪತ್ನಿ, ಅವರ ತಮ್ಮ, ಹದಿನೈದರ ಹುಡುಗ, ಹನ್ನೊಂದರ ಹುಡುಗಿ, ಆರು ವರ್ಷದ ಕೂಸು. ಎಲ್ಲರನ್ನೂ ಒಂದೇ ದೋಣಿಯಲ್ಲಿ ನೇತ್ರಾಣಿಗೆ ಒಯ್ಯುವುದು ಪ್ರೀತಿಯ ಲಕ್ಷಣವಾಗಿ ತೋರಿದರೂ ವಿವೇಕವಲ್ಲ. ಒಂದು ದಿನ ಎಂಟು ಮಂದಿಯೂ ಕೂಡಿ ಮಲ್ಪೆಯ ದ್ವೀಪವನ್ನು ನೋಡಲಿ. ಹತ್ತಿಳಿಯುವುದು ಕಷ್ಟವೆಂದಾದರೆ ಅಜ್ಜಿಯು ಉಡುಪಿಯಲ್ಲಿ ಕೃಷ್ಣದರ್ಶನ ಮಾಡುತ್ತ ನೆಮ್ಮದಿಯಾಗಿರಲಿ. ಮತ್ತೊಂದು ದಿನ ಐವರು ಮಾತ್ರ ನೇತ್ರಾಣಿಗೆ ಹೋಗಲಿ. ಅಜ್ಜ ಅಜ್ಜಿಯರು ಕೂಸಿನೊಡನೆ ಮುರುಡೇಶ್ವರದ ದೇವಾಲಯವನ್ನೂ ೧೨೩ ಅಡಿ ಎತ್ತರದ ಶಿವನ ವಿಗ್ರಹವನ್ನೂ ನೋಡುತ್ತಿರಲಿ. ಹೃದ್ರೋಗ, ಉಬ್ಬಸ, ಮೂರ್ಛೆ ಇವುಗಳುಳ್ಳವರು ವೈದ್ಯರನ್ನು ಕೇಳದೆ ನೀರಿಗಿಳಿಯಕೂಡದು. ತೇಲುವುದು ಸುಲಭವೆಂದು ಕಂಡರೂ ಕೊಳವೆಯ ಮೂಲಕ ಉಸಿರಾಡುತ್ತ ಅಲೆಗಳ ನಡುವೆ ಕಾಲಾಡಿಸುವುದು ಎದೆಗೆ ಆಯಾಸವನ್ನು ಕೊಡುವ ಕೆಲಸ.

ಪ್ರಯಾಣದ ಕಾಲವೂ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲಿಗೆ ವಿಹಾರದ ದೋಣಿಗಳು ಇಳಿಯವು; ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧವುಂಟು. ಡಿಸೆಂಬರ್ ಜನವರಿಗಳು ಉತ್ತಮ. ಬೇಸಿಗೆಯ ರಜದಲ್ಲಿಯೇ ಹೋಗಬೇಕಾದರೆ ಏಪ್ರಿಲಿನ ಮೊದಲ ಭಾಗವನ್ನು ನೋಡಿಕೊಳ್ಳಲಿ. ಮುಂಗಾರು ಹತ್ತಿರವಾದಂತೆ ಕಡಲು ಕದಡುವುದು. ದಿನದಲ್ಲಿ ಬೆಳಗಿನ ಹೊತ್ತೇ ಸರಿ. ಬಿಸಿಲೇರಿ ನೆಲ ಕಾದಂತೆ ಅದರ ಮೇಲಣ ಗಾಳಿಯು ಮೇಲೆದ್ದು, ಆ ತೆರಪನ್ನು ತುಂಬಲು ಕಡಲಗಾಳಿಯು ಬೀಸತೊಡಗುವುದು. ಮಧ್ಯಾಹ್ನದ ಮೇಲೆ ಅಲೆಗಳು ಒರಟಾಗುವುವು. ಏಳೆಂಟು ಗಂಟೆಗೆ ಹೊರಟು ಮಧ್ಯಾಹ್ನದೊಳಗೆ ದಡ ಸೇರುವಂತೆ ಏರ್ಪಡಿಸಿಕೊಳ್ಳತಕ್ಕದ್ದು.

ಮೈಸೂರಿನಿಂದ ಮುರುಡೇಶ್ವರದವರೆಗೆ ರೈಲಿನ ಸೌಕರ್ಯವುಂಟು. ರಾತ್ರಿಯೆಲ್ಲ ಪ್ರಯಾಣಮಾಡಿ ಬಂದ ಬೆಳಗ್ಗೆಯೇ ದೋಣಿಯನ್ನೇರದಿರಲಿ. ನಿದ್ದೆಗೆಟ್ಟ ದೇಹಕ್ಕೆ ತಲೆಸುತ್ತು ವಾಂತಿಗಳು ಬೇಗ ಬರುವುವು. ಮೊದಲ ದಿನ ವಿಶ್ರಾಂತಿ. ಹೊರಡುವ ಬೆಳಗ್ಗೆ ಎರಡು ಇಡ್ಲಿಯಂತಹ ಹಗುರವಾದ ಆಹಾರ. ವಾಂತಿಯ ಸ್ವಭಾವದವರು ವೈದ್ಯರು ಹೇಳಿದ ಗುಳಿಗೆಯನ್ನು ದೋಣಿಯೇರುವುದಕ್ಕೆ ಮೊದಲೇ ನುಂಗತಕ್ಕದ್ದು. ದೋಣಿಯಲ್ಲಿ ಕೈಯೊಳಗಣ ಫೋನನ್ನು ನೋಡದೆ ದೂರದ ದಿಗಂತವನ್ನು ನೋಡುತ್ತ ಕುಳಿತರೆ ತಲೆಸುತ್ತು ಕಡಮೆಯಾಗುವುದು.

ಉಪಕರಣಗಳು ಎರಡು. ಕಣ್ಣು ಮೂಗುಗಳನ್ನು ಕೂಡಿಸಿ ಮುಚ್ಚುವ ಮಾಸ್ಕು ಒಂದು; ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ಕೊಳವೆ ಇನ್ನೊಂದು. ನೀರು ನೇರವಾಗಿ ಕಣ್ಣಿಗೆ ತಗಲಿದರೆ ಎಲ್ಲವೂ ಮಸುಕು. ನಡುವೆ ಗಾಳಿಯ ಪದರವಿದ್ದರೆ ಸ್ಪಷ್ಟ. ಆದರೆ ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದರಿಂದ ನಾಲ್ಕು ಅಡಿ ದೂರದ ಮೀನು ಮೂರು ಅಡಿಯಲ್ಲಿರುವಂತೆ ತೋರುವುದು. ಆಳವೂ ಹಾಗೆಯೇ ಕಡಮೆಯೆಂದು ತೋರುವುದರಿಂದ ಕಣ್ಣನ್ನು ನಂಬಿ ಕಾಲೂರಲು ಹೋಗಬಾರದು. ಉಸಿರಿನ ಕೊಳವೆಯು ಮೊಳದುದ್ದವನ್ನು ಮೀರದೆ ಇರುವುದೇಕೆಂದು ಮಕ್ಕಳು ಕೇಳಿಯಾರು. ಒಂದು ಮೀಟರು ಆಳಕ್ಕೆ ನೀರಿನ ಒತ್ತಡವು ವಾಯುಮಂಡಲದ ಒತ್ತಡದ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚುವುದು. ಅಷ್ಟರಲ್ಲಿಯೇ ಎದೆಯ ಸ್ನಾಯುಗಳು ಗಾಳಿಯನ್ನು ಒಳಕ್ಕೆಳೆಯಲು ಸೋಲುವುವು. ಅಲ್ಲದೆ ಉದ್ದನೆಯ ಕೊಳವೆಯಲ್ಲಿ ಬಿಟ್ಟ ಉಸಿರೇ ತಿರುಗಿ ಒಳಗೆ ಬರುವುದು. ಆದುದರಿಂದ ಸ್ನಾರ್ಕ್ಲಿಂಗು ಮುಳುಗುವ ವಿದ್ಯೆಯಲ್ಲ, ತೇಲುವ ವಿದ್ಯೆ.

ಈ ಎರಡನ್ನೂ ಮೊದಲ ಸಲ ಸಮುದ್ರದಲ್ಲಿಯೇ ಧರಿಸುವುದು, ಅಕ್ಷರಾಭ್ಯಾಸವಿಲ್ಲದೆ ಪರೀಕ್ಷೆಗೆ ಕುಳಿತಂತೆ. ಕಾವೇರಿಯಲ್ಲಾಗಲಿ ಊರ ಕೆರೆಯಲ್ಲಾಗಲಿ ಅಭ್ಯಾಸ ಬೇಡ. ಮೈಸೂರಿನಂತಹ ಊರಿನ ಈಜುಕೊಳದಲ್ಲಿ, ಕಲಿಸುವವರ ಎದುರಿಗೆ, ಎದೆಯೆತ್ತರದ ನೀರಿನಲ್ಲಿ ನಾಲ್ಕು ದಿನ ಅಭ್ಯಾಸಮಾಡಲಿ. ಕೊಳವೆಯೊಳಗೆ ನೀರು ಹೊಕ್ಕಾಗ ಗಾಬರಿಯಾಗದೆ ಜೋರಾಗಿ ಊದಿ ಹೊರಹಾಕುವುದು, ಮಾಸ್ಕನ್ನು ತೆಗೆದು ಮೊಗವೆತ್ತಿ ತೇಲುವುದು, ಈ ಎರಡು ಬಂದರೆ ಅರ್ಧ ಕಲಿತಂತೆ. ನೀರಿನಲ್ಲಿ ಮುಖವಿಟ್ಟು ಐದು ನಿಮಿಷ ಶಾಂತವಾಗಿ ಉಸಿರಾಡಲಾರದ ಮಗುವನ್ನು ನೇತ್ರಾಣಿಗೆ ಒಯ್ಯಕೂಡದು. ಇಡೀ ಮುಖವನ್ನು ಮುಚ್ಚುವ ಹೊಸ ಬಗೆಯ ಮಾಸ್ಕು ನೋಡಲು ಸೊಗಸಾದರೂ ಆಪತ್ತಿನಲ್ಲಿ ಬೇಗನೆ ಕಳಚಲಾಗದು. ಹೊಸಬರಿಗೆ ಅದು ತಕ್ಕುದಲ್ಲ.

ಹದಿನೈದರ ಹುಡುಗನಿಗೆ ಬೇರೊಂದು ಮಾತನ್ನು ಹೇಳಬೇಕು. ಹೊಳೆಯ ಬಳಿ ಬೆಳೆದ ಹುಡುಗರು ದಮ್ಮು ಕಟ್ಟಿ ಮುಳುಗುವ ಪಂದ್ಯವನ್ನು ಆಡುವುದುಂಟು. ಮುಳುಗುವ ಮೊದಲು ಬೇಗಬೇಗನೆ ದೀರ್ಘವಾಗಿ ಉಸಿರೆಳೆದರೆ ಹೆಚ್ಚು ಹೊತ್ತು ಇರಬಹುದೆಂದು ಅವರ ನಂಬಿಕೆ. ಹಾಗೆ ಮಾಡುವುದರಿಂದ ರಕ್ತದೊಳಗಣ ಇಂಗಾಲದ ಡಯಾಕ್ಸೈಡು ಕಡಮೆಯಾಗುವುದು. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಅದೇ. ತವಕವು ಹುಟ್ಟುವುದಕ್ಕೆ ಮುಂಚೆಯೇ ಪ್ರಾಣವಾಯುವು ಮುಗಿದು, ಯಾವ ಸೂಚನೆಯೂ ಇಲ್ಲದೆ ನೀರಿನೊಳಗೆಯೇ ಎಚ್ಚರ ತಪ್ಪುವುದು. ಬಲವಾಗಿ ಈಜಬಲ್ಲವರೂ ಸದ್ದಿಲ್ಲದೆ ಹೀಗೆ ಹೋಗುವುದುಂಟು. ಈ ಪಂದ್ಯವನ್ನು ಸಮುದ್ರದಲ್ಲಿಯೂ ಹೊಳೆಯಲ್ಲಿಯೂ ಹುಡುಗರು ಕೈಬಿಡಬೇಕು.

ಗೃಹಿಣಿಯರ ವಿಷಯದಲ್ಲಿ ಎರಡು ಮಾತು. ಎಲ್ಲರೂ ನೀರಿಗಿಳಿದಾಗ ಗಂಟುಗಳನ್ನು ಕಾಯುತ್ತ ಕುಳಿತುಕೊಳ್ಳುವುದು ತಾಯಿಯ ಪಾಲಿಗೆ ಬರುವ ಪದ್ಧತಿಯು ನಮ್ಮ ಮನೆಗಳಲ್ಲಿ ರೂಢವಾಗಿದೆ. ಅದು ನ್ಯಾಯವಲ್ಲ, ಹವಳವು ಆಕೆಯ ಕಣ್ಣಿಗೂ ಹವಳವೇ. ಆದರೆ ಸೀರೆಯನ್ನುಟ್ಟು ಇಳಿಯುವುದು ಅಪಾಯ. ನೆನೆದ ಸೀರೆಯು ಕಾಲುಗಳನ್ನು ಬಿಗಿಯುವುದು. ದುಪ್ಪಟ್ಟವು ಕೊರಳಿಗೆ ಸುತ್ತುವುದು. ಮೈಗೆ ಒಪ್ಪುವ ಉದ್ದತೋಳಿನ ಅಂಗಿ ಷರಾಯಿಗಳು ಮರ್ಯಾದೆಗೂ ಸರಿ, ಬೋರಲಾಗಿ ತೇಲುವವರ ಬೆನ್ನನ್ನು ಸುಡುವ ಬಿಸಿಲಿಗೂ ತಡೆ. ಬಳೆ ಸರಗಳನ್ನು ವಸತಿಯಲ್ಲಿಯೇ ಬಿಡಲಿ. ತಾಳಿಯನ್ನು ತೆಗೆಯಲು ಮನಸ್ಸಿಲ್ಲದವರು ಅಂಗಿಯೊಳಗೆ ಸೇರಿಸಿ ಪಿನ್ನು ಹಾಕಿಕೊಳ್ಳಲಿ.

ದೋಣಿಯನ್ನು ಗೊತ್ತುಮಾಡುವಾಗ ಬೆಲೆಯನ್ನು ಮಾತ್ರ ಕೇಳಬಾರದು. ಎಷ್ಟು ಜನರಿಗೆ ಪರವಾನಗಿಯುಂಟು? ತಲೆಗೊಂದು ಲೈಫ್ ಜಾಕೆಟ್ಟು ಇದೆಯೇ? ಮಕ್ಕಳ ಅಳತೆಯದು ಇದೆಯೇ? ದಡಕ್ಕೆ ಸುದ್ದಿ ಮುಟ್ಟಿಸುವ ರೇಡಿಯೋ ಇದೆಯೇ? ಕಡಲಿನಲ್ಲಿ ಫೋನು ಎಲ್ಲೆಡೆಯೂ ಕೆಲಸಮಾಡದು. ಆದರೂ ಕರಾವಳಿ ಕಾವಲು ಪಡೆಯ ತುರ್ತುಸಂಖ್ಯೆ ೧೫೫೪ನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಈ ಪ್ರಶ್ನೆಗಳು ಏಕೆಂಬುದನ್ನು ೨೦೧೯ರ ಜನವರಿ ೨೧ನೆಯ ದಿನವು ತಿಳಿಸಿದೆ. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಹಿಂದಿರುಗುತ್ತಿದ್ದ ದೋಣಿಯೊಂದು ಅಂದು ಮಗುಚಿ ೧೬ ಮಂದಿ ತೀರಿಕೊಂಡರು. ಅವರೂ ಹೆಂಗಸರು ಮಕ್ಕಳೊಡನೆ ಸಂತೋಷವಾಗಿ ಹೊರಟ ಗೃಹಸ್ಥರೇ. ಲೈಫ್ ಜಾಕೆಟ್ಟನ್ನು ತಲೆದಿಂಬಿನಂತೆ ಪಕ್ಕದಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ದೋಣಿ ಮಗುಚಿದ ಮೇಲೆ ಅದನ್ನು ತೊಡಲು ಸಮಯವಿರದು. ದಡದಲ್ಲಿಯೇ ತೊಟ್ಟು, ಬಕಲುಗಳನ್ನು ಹಾಕಿ, ಮಗುವಿನ ಜಾಕೆಟ್ಟನ್ನು ಹೆಗಲಲ್ಲಿ ಹಿಡಿದು ಮೇಲಕ್ಕೆಳೆದು ನೋಡಬೇಕು. ಅದು ಕಿವಿಯವರೆಗೆ ಸರಿದರೆ ಅಳತೆ ಸರಿಯಲ್ಲ.

ನೀರಿನಲ್ಲಿ ಒಬ್ಬರೇ ಇರಕೂಡದು. ತಾಯಿಯೊಡನೆ ಮಗಳು, ಚಿಕ್ಕಪ್ಪನೊಡನೆ ಹುಡುಗ, ಹೀಗೆ ಜೋಡಿಯಾಗಿ ಇಳಿಯಲಿ. ಯಜಮಾನರು ದೋಣಿಯಲ್ಲಿ ನಿಂತು ನಾಲ್ಕು ತಲೆಗಳನ್ನು ಎಣಿಸುತ್ತಿರಲಿ. ಚಿತ್ರ ತೆಗೆಯುವುದೂ ಹರಟೆಯೂ ಆ ಹೊತ್ತಿನಲ್ಲಿ ಬೇಡ. ಮಕ್ಕಳು ಮೇಲೆ ಬಂದ ಬಳಿಕ ಚಿಕ್ಕಪ್ಪನು ಕಾವಲಿಗೆ ನಿಂತರೆ ದಂಪತಿಗಳು ಇಳಿಯಬಹುದು. ಕೆಳಗಣ ಹವಳವು ಕಲ್ಲಿನಂತೆ ಕಂಡರೂ ಅಸಂಖ್ಯಾತ ಸಣ್ಣ ಪ್ರಾಣಿಗಳ ಮನೆ. ಮಕ್ಕಳು ಅದನ್ನು ತುಳಿಯದೆ, ಮುರಿಯದೆ, ಮೀನಿಗೆ ಬಿಸ್ಕತ್ತು ಎಸೆಯದೆ ಅತಿಥಿಗಳಂತೆ ನೋಡಿ ಬರಲಿ.

ಇನ್ನು ಹಿಂದಿರುಗುವ ವಿಚಾರ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ಗಾದೆಯುಂಟು. ವ್ಯಾಜ್ಯಕ್ಕೂ ಮದುವೆಯ ಖರ್ಚಿಗೂ ಅದು ಸಲ್ಲಬಹುದು; ನಿಜವಾದ ನೀರಿಗೆ ಮಾತ್ರ ಸಲ್ಲದು. ಮುಂಗಡ ಕೊಟ್ಟಾಗಿದೆ, ನಾನೂರು ಕಿಲೋಮೀಟರು ಬಂದಾಗಿದೆ, ಮಕ್ಕಳು ಹಟಮಾಡುತ್ತಿದ್ದಾರೆ, ಮತ್ತೆ ಬರುವುದು ಎಂದೋ. ದಡದಲ್ಲಿ ನಿಂತಾಗ ಮನಸ್ಸು ಹೇಳುವುದೆಲ್ಲ ಹೋಗೆಂಬ ಕಡೆಗೇ. ಆಕಾಶವು ಶುಭ್ರವಾಗಿದ್ದರೂ ಸಮುದ್ರವನ್ನು ನಂಬುವಂತಿಲ್ಲ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲಿಯೋ ಎದ್ದ ಬಿರುಗಾಳಿಯ ಅಲೆಗಳು ದಿನಗಳ ಬಳಿಕ ನಮ್ಮ ಕರಾವಳಿಯನ್ನು ಮುಟ್ಟುವುವು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಹಿಂದಿನ ಸಂಜೆ ಅದನ್ನು ನೋಡಬೇಕು. ದಡದ ಬಳಿಯ ನೀರೂ ನಿರಪಾಯವಲ್ಲ. ೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದ ಕಡಲತೀರದಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಅಲೆಗಳಾಗಿ ಬಂದ ನೀರು ಇಕ್ಕಟ್ಟಾದ ಹಾದಿಯಲ್ಲಿ ಒಳಕ್ಕೆ ಹಿಂದಿರುಗುವಾಗ ನಿಂತವರನ್ನು ಸೆಳೆದೊಯ್ಯಬಲ್ಲುದು. ಅದರಲ್ಲಿ ಸಿಕ್ಕಿದವರು ದಡದ ಕಡೆಗೆ ಹೋರಾಡದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ತಿರುಗತಕ್ಕದ್ದು.

ಆದುದರಿಂದ ಹೊರಡುವ ಮುನ್ನವೇ ಮನೆಮಂದಿಯೆಲ್ಲ ಕುಳಿತು ನಾಲ್ಕು ನಿಯಮಗಳನ್ನು ಒಪ್ಪಿಕೊಳ್ಳಲಿ. ಹವೆಯ ಎಚ್ಚರಿಕೆಯಿದ್ದರೆ ದೋಣಿಯನ್ನೇರುವುದಿಲ್ಲ. ಒಂದು ಜಾಕೆಟ್ಟು ಕಡಮೆಯಿದ್ದರೂ ಏರುವುದಿಲ್ಲ. ದೋಣಿ ನಡೆಸುವವನು ಬೇಡವೆಂದರೆ ಹೆಚ್ಚು ಹಣದ ಆಸೆ ತೋರಿಸುವುದಿಲ್ಲ. ಕಡೆಯದಾಗಿ, ಐವರಲ್ಲಿ ಯಾರೇ ಆಗಲಿ, ಹನ್ನೊಂದರ ಹುಡುಗಿಯೇ ಆಗಲಿ, ಭಯವಾಗುತ್ತದೆ ಸಾಕು ಎಂದರೆ ಯಾರೂ ಹಾಸ್ಯಮಾಡದೆ ನೀರಿನಿಂದ ಮೇಲೆ ಬರುವುದು. ಈ ನಾಲ್ಕನೆಯ ನಿಯಮವೇ ಹಿರಿಯರಿಗೆ ಕಠಿನವಾದುದು. ಮಗುವಿನ ಭಯವನ್ನು ಮುರಿಯುವುದೇ ಶಿಕ್ಷಣವೆಂದು ತಿಳಿದವರು ನಮ್ಮಲ್ಲಿ ಬಹು ಮಂದಿ. ಕಡಲಿನಲ್ಲಿ ಮಗುವಿನ ಭಯವು ಅನೇಕ ವೇಳೆ ದೊಡ್ಡವರ ಧೈರ್ಯಕ್ಕಿಂತ ಬುದ್ಧಿವಂತವಾಗಿರುವುದು.

ಈ ನಿಯಮಗಳನ್ನು ನಡೆಸಲು ಒಂದು ಸುಲಭೋಪಾಯವುಂಟು. ಪ್ರಯಾಣದ ಲೆಕ್ಕವನ್ನು ಬರೆಯುವಾಗ ದೋಣಿಯ ಬಾಡಿಗೆಯನ್ನು ಮನೆಯಲ್ಲಿಯೇ ಖರ್ಚಿನ ಬಾಬಿಗೆ ಹಾಕಿ, ಹೋದ ಹಣವೆಂದು ಭಾವಿಸಿಬಿಡತಕ್ಕದ್ದು. ಅದರೊಡನೆ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡು, ದೋಣಿ ಹೊರಡದ ದಿನಕ್ಕಾಗಿ ಇಡಗುಂಜಿಯ ಗಣಪತಿಯ ದರ್ಶನವನ್ನೋ ಭಟ್ಕಳದ ಹಳೆಯ ದೇವಾಲಯ ಬಸದಿಗಳನ್ನೋ ಗೊತ್ತುಮಾಡಿರಬೇಕು. ಹೀಗೆ ಮಾಡಿದವನಿಗೆ ದಡದಲ್ಲಿ ನಿಂತು ಬೇಡವೆನ್ನುವುದು ನಷ್ಟವಾಗಿ ತೋರದು. ನೇತ್ರಾಣಿಯ ಹವಳವು ಮುಂದಿನ ವರ್ಷವೂ ಅಲ್ಲಿಯೇ ಇರುವುದು. ಅದನ್ನು ನೋಡಲು ಎಂಟು ಮಂದಿಯೂ ಇರಬೇಕಷ್ಟೆ.